ಹಳೇ ಬಳ್ಳಾರಿಯಲ್ಲಿ ಮನೆ ಕಟ್ಟಲು ಕಾರ್ ಪಾರ್ಕಿಂಗ್ ಕಡ್ಡಾಯ ಇರಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರೂಸ್‌ಪೇಟೆ, ಕೌಲ್ ಬಜಾರ್, ತೇರು ಬೀದಿ, ಬೆಂಗಳೂರು ರಸ್ತೆಯ ಹಿಂದಿನ ಓಣಿಗಳು. ಇಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟಲು ಹೊರಟವರು, ಅವರ ಎಂಜಿನಿಯರ್‌ಗಳು, ಅಕ್ಕಪಕ್ಕದವರು ಕೇಳುವ ಪ್ರಶ್ನೆಗಳಿವು. ಮೊದಲೇ ಒಂದು ಮಾತು: ಪೇಟೆಯೊಳಗಿನ ವಾಸದ ಮನೆಗಳಿಗೆ ಪಾರ್ಕಿಂಗ್ ಕಡ್ಡಾಯ ತೆಗೆಯಬೇಕು ಎನ್ನುವುದು ಇಲ್ಲಿ ವಿವರಿಸಿರುವ ಸಲಹೆ, ಜಾರಿಯಲ್ಲಿರುವ ನಿಯಮವಲ್ಲ. ಇವತ್ತು ಪ್ಲಾನ್ ಕೊಡುವವರು ಇವತ್ತಿನ ನಿಯಮದಂತೆಯೇ ಕೊಡಬೇಕು.

ಕಡ್ಡಾಯ ತೆಗೀರಿ ಅಂದ್ರೆ ಪಾರ್ಕಿಂಗೇ ಬೇಡ ಅಂತೇನ್ರಿ?

ಅಲ್ಲ. ಕಾರು ಇರುವವರು, ಜಾಗ ಇರುವವರು ಎಷ್ಟು ಬೇಕಾದರೂ ಪಾರ್ಕಿಂಗ್ ಬಿಟ್ಟುಕೊಳ್ಳಬಹುದು. ‘ಇಷ್ಟು ಮನೆಗೆ ಇಷ್ಟು ಕಾರಿನ ಜಾಗ ತೋರಿಸದಿದ್ದರೆ ಪ್ಲಾನ್ ಪಾಸಾಗಲ್ಲ’ ಎಂಬ ಷರತ್ತು ಮಾತ್ರ ಹೋಗುತ್ತದೆ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡುವ ಖಾಲಿ ಜಾಗ), ಎತ್ತರ, ಎಫ್‌ಎಆರ್ (ಜಾಗದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ), ಮಳೆನೀರು ಕೊಯ್ಲು, ಬೆಂಕಿ ಸುರಕ್ಷತೆ ಇವ್ಯಾವುವೂ ಬದಲಾಗುವುದಿಲ್ಲ. ಪಾರ್ಕಿಂಗ್ ತೆಗೆಯುವುದು, ಕಡ್ಡಾಯ ತೆಗೆಯುವುದು, ಈ ಎರಡನ್ನೂ ಕಲಸಿ ಮಾತಾಡುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

ಈಗಿನ ನಿಯಮ ಎಲ್ಲಿದೆ?

ಎರಡು ಕಡೆ. ಮೊದಲನೆಯದು, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕೆಳಗೆ ಬರುವ ಮಾಸ್ಟರ್ ಪ್ಲಾನ್ ಮತ್ತು ಅದರ ವಲಯ ನಿಯಮಾವಳಿ. ಇದು ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ಬುಡಾದ ಕೆಲಸ. ಎರಡನೆಯದು, ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976 ಮತ್ತು ಕಟ್ಟಡ ಬೈಲಾ. ಇದು ಮಹಾನಗರ ಪಾಲಿಕೆಯ ಕೈಯಲ್ಲಿದೆ. ನಿಯಮಾವಳಿಯಲ್ಲಿ ಪಾರ್ಕಿಂಗ್‌ಗೆ ಒಂದು ಕೋಷ್ಟಕವಿರುತ್ತದೆ: ಮನೆ ಎಷ್ಟು ಚದರ ಮೀಟರ್, ಒಂದೇ ಕಟ್ಟಡದಲ್ಲಿ ಎಷ್ಟು ಮನೆ, ಅದಕ್ಕೆ ಎಷ್ಟು ಕಾರು. ಪ್ಲಾನ್ ಬರೆಸುವ ಮೊದಲು ಆ ಪುಟದ ಜೆರಾಕ್ಸ್ ನಿಮ್ಮ ಕೈಯಲ್ಲಿರಲಿ. ‘ಒಂದು ಕಾರ್ ತೋರ್ಸಿದ್ರೆ ಸಾಕು ಬಿಡ್ರಿ’ ಎಂಬ ಬಾಯಿಮಾತು ನಂಬಿ ಕೆಲಸ ಶುರು ಮಾಡಬೇಡಿ.

ನಮ್ಮ ಓಣ್ಯಾಗ ಕಾರೇ ಹೊಕ್ಕಲ್ಲ. ಆದ್ರೂ ಪಾರ್ಕಿಂಗ್ ಯಾಕೆ ತೋರಿಸಬೇಕು?

ಕೋಷ್ಟಕ ನಿಮ್ಮ ಓಣಿಯನ್ನು ನೋಡುವುದಿಲ್ಲ, ಮನೆಯ ವಿಸ್ತೀರ್ಣವನ್ನು ಮಾತ್ರ ನೋಡುತ್ತದೆ. ಇಂಥ ಕೋಷ್ಟಕಗಳು ಹೊಸ ಬಡಾವಣೆಗಳಿಗೆ ಹೊಂದುತ್ತವೆ: 30×40, 40×60ರ ನೆಟ್ಟಗಿನ ಸೈಟು, ಮುಂದೆ 30 ಅಡಿ ರಸ್ತೆ. ಹಳೇ ಊರಿನ ಜಾಗಗಳು ಮಾಸ್ಟರ್ ಪ್ಲಾನ್ ಹುಟ್ಟುವ ಮುಂಚಿನವು. ತಲೆಮಾರುಗಳಲ್ಲಿ ಭಾಗವಾಗಿ ಆಗಿ ಮುಂಭಾಗ 15 ಅಡಿಗೆ, ಕೆಲವು ಕಡೆ 12 ಅಡಿಗೆ ಇಳಿದಿವೆ. ಎರಡೂ ಕಡೆ ಪಕ್ಕದವರ ಗೋಡೆ, ಬೆಳಕು ಗಾಳಿ ಬರುವುದು ಬೀದಿ ಕಡೆಯಿಂದ ಮಾತ್ರ. ಅದೇ ಬೀದಿ ಕಡೆಯ ಜಾಗವನ್ನೇ ನಿಯಮ ಕಾರಿಗೆ ಕೇಳುತ್ತದೆ.

ಒಂದು ಕಾರು ನಿಜವಾಗಿ ಎಷ್ಟು ಜಾಗ ತಿನ್ನುತ್ತದೆ?

ಒಂದು ಕಾರಿಗೆ ಸಾಮಾನ್ಯವಾಗಿ 2.5×5 ಮೀಟರ್ ಹಿಡಿಯುತ್ತಾರೆ. ಅಡಿ ಲೆಕ್ಕದಲ್ಲಿ 8 ಅಡಿ 2 ಇಂಚು ಅಗಲ, 16 ಅಡಿ 5 ಇಂಚು ಉದ್ದ, ಒಟ್ಟು ಸುಮಾರು 135 ಚದರ ಅಡಿ. ಇದು ಕಾರು ನಿಲ್ಲುವಷ್ಟು ಜಾಗ ಮಾತ್ರ. ಒಳಗೆ ಬರುವ, ತಿರುಗುವ ದಾರಿ ಸೇರಿದರೆ ಬೇರೆ ಲೆಕ್ಕ: ದೆಹಲಿಯ ಮಾಸ್ಟರ್ ಪ್ಲಾನ್ 2021 ಒಂದು ಕಾರಿಗೆ ಬಯಲಲ್ಲಿ 23, ಕಟ್ಟಡದ ನೆಲಮಹಡಿಯಲ್ಲಿ 28, ಬೇಸ್‌ಮೆಂಟಿನಲ್ಲಿ 32 ಚದರ ಮೀಟರ್ ಹಿಡಿಯುತ್ತದೆ.

ಈಗ 20×30ರ ಜಾಗ ತೆಗೆದುಕೊಳ್ಳಿ. ಎರಡೂ ಪಕ್ಕದ 9 ಇಂಚಿನ ಗೋಡೆ ಕಳೆದರೆ ಒಳಗಿನ ಅಗಲ 18 ಅಡಿ 6 ಇಂಚು. ಕಾರಿಗೆ 8 ಅಡಿ 2 ಇಂಚು, ಮೇಲಿನ ಮಹಡಿಗೆ ಮೆಟ್ಟಿಲು 3 ಅಡಿ, ನಡುವೆ ಒಂದು ಗೋಡೆ. ಉಳಿಯುವುದು ಏಳು ಅಡಿಗಿಂತ ಕಡಿಮೆ. ಅದರಲ್ಲಿ ನಡೆಯುವ ದಾರಿ ಬಿಟ್ಟರೆ ಕೋಣೆಯೂ ಆಗದು, ಮಳಿಗೆಯೂ ಆಗದು. ಆಳದಲ್ಲಿ 16 ಅಡಿ ಹೋದ ಮೇಲೆ ಹಿಂದೆ ಉಳಿಯುವುದು ಹನ್ನೆರಡು ಅಡಿ ಚಿಲ್ಲರೆ, ಕಿಟಕಿ ಇಡಲು ದಿಕ್ಕಿಲ್ಲದ ಒಂದು ಕತ್ತಲೆ ಕೋಣೆ.

ಮುಂಭಾಗ 15 ಅಡಿಯಾದರೆ ಇನ್ನೂ ಕಷ್ಟ. ಒಳಗಿನ ಅಗಲ 13 ಅಡಿ 6 ಇಂಚು, ಕಾರು ಕಳೆದು 5 ಅಡಿ 4 ಇಂಚು, ಮೆಟ್ಟಿಲು ಮತ್ತು ಅರ್ಧ ಇಟ್ಟಿಗೆ ಗೋಡೆ ಕಳೆದು ಎರಡು ಅಡಿಯೂ ಇಲ್ಲ. ಅಜ್ಜಿ ಮಲಗುವ ನೆಲಮಹಡಿಯ ಕೋಣೆ ಮೊದಲನೇ ಮಹಡಿಗೆ ಹೋಗುತ್ತದೆ, ಕಾರು ನೆಲದಲ್ಲಿ ಇರುತ್ತದೆ.

ಅಷ್ಟು ತೊಂದರೆಪಟ್ಟರೂ ಬೀದಿಯಿಂದ ಒಂದು ಕಾರು ಕಡಿಮೆ ಆಯ್ತಲ್ಲ?

ಸಣ್ಣ ಸೈಟಿನಲ್ಲಿ ಅದೂ ಆಗುವುದಿಲ್ಲ. ಬೀದಿಯ ಅಂಚಿಗೆ ಉದ್ದುದ್ದ ಒಂದು ಕಾರು ನಿಲ್ಲಿಸಲು ಸುಮಾರು 6 ಮೀಟರ್ ಬೇಕು. 20 ಅಡಿ ಮುಂಭಾಗ ಎಂದರೆ 6.1 ಮೀಟರ್. ಅಂದರೆ ಆ ಮನೆಯ ಮುಂದೆ ರಸ್ತೆಯಲ್ಲಿ ಸರಿಯಾಗಿ ಒಂದು ಕಾರು ನಿಲ್ಲುತ್ತಿತ್ತು. ಈಗ ಒಳಗೆ ಕಾರು ಬಿಡಲು 10 ಅಡಿ ಗೇಟು ಇಟ್ಟಿರಿ. ಗೇಟಿನ ಮುಂದೆ ಯಾರೂ ನಿಲ್ಲಿಸುವಂತಿಲ್ಲ, ಪಕ್ಕದಲ್ಲಿ ಉಳಿದ 10 ಅಡಿಯಲ್ಲಿ ಕಾರು ಹಿಡಿಯುವುದಿಲ್ಲ. ಒಳಗೆ ಒಂದು ಬಂತು, ಹೊರಗೆ ಒಂದು ಹೋಯಿತು.

ಹೊರಗಿನ ಜಾಗದಲ್ಲಿ ಬೆಳಿಗ್ಗೆ ಹಾಲಿನ ವ್ಯಾನು, ಮಧ್ಯಾಹ್ನ ಮಳಿಗೆಗೆ ಬಂದ ಗಿರಾಕಿ, ರಾತ್ರಿ ಮನೆಯವರು ಹೀಗೆ ಎಲ್ಲರೂ ನಿಲ್ಲಿಸಬಹುದಿತ್ತು. ಒಳಗಿನದು ಒಬ್ಬರಿಗೆ ಮಾತ್ರ, ಅವರು ಊರಿಗೆ ಹೋದರೂ ಖಾಲಿಯೇ. ಸಾಲಾಗಿ ಹತ್ತು ಮನೆ ಹೀಗೆ ಗೇಟು ಇಟ್ಟರೆ ಇಡೀ ಬೀದಿಯ ಒಂದು ಬದಿ ಹೋಯಿತೆಂದೇ ಲೆಕ್ಕ. ಜೊತೆಗೆ ಗೇಟಿನಿಂದ ರಸ್ತೆಗೆ ಇಳಿಜಾರು ಮಾಡಲು ಚರಂಡಿಯ ಮೇಲೆ ಕಾಂಕ್ರೀಟ್ ಹಾಕಿಬಿಡುತ್ತಾರೆ. ಪೌರಕಾರ್ಮಿಕರಿಗೆ ಹೂಳೆತ್ತಲು ಆಗುವುದಿಲ್ಲ, ಮಳೆ ಬಂದಾಗ ನೀರು ರಸ್ತೆಗೆ ಏರುತ್ತದೆ.

ದೊಡ್ಡ ಸೈಟಿನಲ್ಲಿ ಈ ಲೆಕ್ಕ ಬೇರೆ. ಒಂದೇ ಗೇಟಿನಿಂದ ಇಪ್ಪತ್ತು ಕಾರು ಒಳಗೆ ಹೋದರೆ ನಿಜಕ್ಕೂ ಲಾಭವಿದೆ. ಆದ್ದರಿಂದ ಕಡ್ಡಾಯವನ್ನು ಮೊದಲು ತೆಗೆಯಬೇಕಾದದ್ದು ಸಣ್ಣ ಜಾಗಗಳಿಗೆ. 200 ಚದರ ಮೀಟರಿನ ಒಳಗಿನ ನಿವೇಶನಗಳಿಂದ ಶುರು ಮಾಡುವುದು ಸರಿ ಎನ್ನುವುದು ನಮ್ಮ ಅಭಿಪ್ರಾಯ.

ಸೆಲ್ಲಾರ್ (ನೆಲದ ಕೆಳಗಿನ ಮಹಡಿ) ತೆಗೆದರೆ ಆಗಲ್ವಾ?

ರ‍್ಯಾಂಪ್ ಹಿಡಿಯುವುದಿಲ್ಲ. ಕಾರಿನ ರ‍್ಯಾಂಪ್ 1:8ಕ್ಕಿಂತ, ಅಂದರೆ 8 ಅಡಿ ಉದ್ದಕ್ಕೆ 1 ಅಡಿ ಇಳಿತಕ್ಕಿಂತ ಕಡಿದಾಗಬಾರದು. ಸೆಲ್ಲಾರ್ ನೆಲ 3 ಮೀಟರ್ ಕೆಳಗಿದ್ದರೆ ರ‍್ಯಾಂಪಿನ ಉದ್ದ 24 ಮೀಟರ್, ಅಂದರೆ 79 ಅಡಿ. 1:10 ಇಟ್ಟರೆ 98 ಅಡಿ. 40 ಅಡಿ ಆಳದ ಸೈಟಿನಲ್ಲಿ ಅದನ್ನು ಎಲ್ಲಿ ಇಡುತ್ತೀರಿ? ಕಡಿದಾಗಿ ಇಳಿಸಿದರೆ ಕಾರಿನ ತಳ ರ‍್ಯಾಂಪಿನ ತುದಿಗೆ ಉಜ್ಜುತ್ತದೆ, ಕೊನೆಗೆ ಯಾರೂ ಇಳಿಸದೆ ಅದು ಗೋಡೌನ್ ಆಗುತ್ತದೆ.

ನಮ್ಮ ನೆಲವೂ ಇದಕ್ಕೆ ಒಗ್ಗುವುದಿಲ್ಲ. ಗುಡ್ಡದ ಹತ್ತಿರ ಬಂಡೆ ಸಿಕ್ಕರೆ ಒಡೆಯುವ ಖರ್ಚು, ಅದರ ಅದುರಿಗೆ ಪಕ್ಕದ ಹಳೇ ಮನೆಗಳಿಗೆ ಬಿರುಕು. ಎರೆ ಮಣ್ಣು ಸಿಕ್ಕರೆ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ತಡೆಗೋಡೆಯನ್ನು ತಳ್ಳುತ್ತದೆ. ಪಕ್ಕದ ಮನೆ ಕಲ್ಲು ಮಣ್ಣಿನ ಗೋಡೆಯದಾಗಿದ್ದರೆ ಅದರ ಪಾಯದ ಪಕ್ಕ ಹತ್ತು ಅಡಿ ಅಗೆಯುವುದು ಅಪಾಯವೇ.

ಸ್ಟಿಲ್ಟ್ ಮಾಡಿದರೆ?

ಅಂದರೆ ನೆಲಮಹಡಿಯಲ್ಲಿ ಕಂಬ ಮಾತ್ರ ನಿಲ್ಲಿಸಿ, ಕಾರಿಗೆ ಜಾಗ ಖಾಲಿ ಬಿಟ್ಟು, ಮನೆ ಮೇಲೆ ಕಟ್ಟುವುದು. ಸೈಟಿನ ಅಗಲ 30 ಅಡಿ ದಾಟಿದ್ದರೆ ಮಾಡಬಹುದು. ಕಂಬಗಳ ನಡುವೆ ಒಂದು ಕಾರಿಗೆ 2.5 ಮೀಟರ್, ಎರಡಕ್ಕೆ 5 ಮೀಟರ್ ಖಾಲಿ ಜಾಗ ಸಿಗಬೇಕು. ನಕ್ಷೆಯಲ್ಲಿ ಕಂಬದ ನಡುಗೆರೆಯಿಂದ ನಡುಗೆರೆಗೆ ಅಳೆದು, ಕಟ್ಟಿದ ಮೇಲೆ ಕಾರಿನ ಬಾಗಿಲು ತೆರೆಯದೆ ಒದ್ದಾಡುವುದು ಮಾಮೂಲಿ ಎಡವಟ್ಟು. ಗೋಡೆ ಇಲ್ಲದೆ ಕಂಬಗಳ ಮೇಲಷ್ಟೇ ಮನೆ ನಿಲ್ಲುವುದರಿಂದ ಕಂಬದ ಅಳತೆ, ಕಬ್ಬಿಣ ಎರಡನ್ನೂ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿಯೇ ಕೊಡಬೇಕು.

ಇನ್ನೊಂದು ಸಂಗತಿ ಸಂಪು. ನಳ ದಿನವೂ ಬಾರದ ಊರಿನಲ್ಲಿ ಸಂಪು ದೊಡ್ಡದೇ ಇರುತ್ತದೆ, ಅದು ಬರುವುದೂ ಕಾರು ನಿಲ್ಲುವ ಜಾಗದ ಕೆಳಗೇ. ಜನ ಓಡಾಡುವ ಲೆಕ್ಕದಲ್ಲಿ ಹಾಕಿದ 4 ಇಂಚಿನ ಮುಚ್ಚಳದ ಸ್ಲ್ಯಾಬು ಕಾರಿನ ಭಾರಕ್ಕೆ ಬಿರುಕು ಬಿಡುತ್ತದೆ. ಆ ಸ್ಲ್ಯಾಬನ್ನು ಗಾಡಿ ಭಾರಕ್ಕೇ ಡಿಸೈನ್ ಮಾಡಿಸಿ, ಮ್ಯಾನ್‌ಹೋಲ್ ಚಕ್ರದ ದಾರಿಗೆ ಬಾರದ ಮೂಲೆಯಲ್ಲಿಡಿ.

ಖರ್ಚಿನ ಅಂದಾಜು ಹೀಗೆ ಹಾಕಿ. ಸ್ಟಿಲ್ಟಿನಲ್ಲಿ ಒಂದು ಕಾರಿಗೆ 28 ಚದರ ಮೀಟರ್, ಸುಮಾರು 300 ಚದರ ಅಡಿ. ಕಂಬ, ಸ್ಲ್ಯಾಬು, ನೆಲ ಸೇರಿ ಅಡಿಗೆ ₹1,000 ಹಿಡಿದರೂ ₹3 ಲಕ್ಷ. ಸೆಲ್ಲಾರಿನಲ್ಲಿ 345 ಚದರ ಅಡಿ, ಅಡಿಗೆ ₹2,000 ಹಿಡಿದರೆ ₹6.9 ಲಕ್ಷ. ದರ ಉದಾಹರಣೆಗೆ ಮಾತ್ರ, ನಿಮ್ಮ ಮೇಸ್ತ್ರಿ ಹೇಳುವ ದರ ಹಾಕಿ ನೋಡಿ. ಕಾರೇ ಇಲ್ಲದ ಬಾಡಿಗೆದಾರರೂ ಈ ದುಡ್ಡನ್ನು ಬಾಡಿಗೆಯೊಳಗೇ ಕಟ್ಟುತ್ತಿರುತ್ತಾರೆ.

ಅಣ್ಣತಮ್ಮಂದಿರು ಮೂವರು, ಆಳಿಗೊಂದು ಮಹಡಿ. ನಮಗೂ ಫ್ಲ್ಯಾಟಿನ ಲೆಕ್ಕವೇ?

ಒಂದೇ ಜಾಗದಲ್ಲಿ ಬೇರೆ ಬೇರೆ ಅಡುಗೆಮನೆ ಇರುವ ಮೂರು ಮನೆ ತೋರಿಸಿದರೆ ಕೋಷ್ಟಕಕ್ಕೆ ಅದು ಮೂರು ಮನೆಯೇ, ಒಂದೇ ಕುಟುಂಬ ಅನ್ನುವುದು ಲೆಕ್ಕಕ್ಕಿಲ್ಲ. ಹಳೇ ಪೇಟೆಯಲ್ಲಿ ನಿಯಮ ಅತಿ ಹೆಚ್ಚು ಕಚ್ಚುವುದು ಇಲ್ಲಿ. ಹಾಗಾಗಿ ಒಂದೇ ಮನೆ ಎಂದು ತೋರಿಸಿ ಮಂಜೂರಾತಿ ಪಡೆದು, ಆಮೇಲೆ ಪ್ರತಿ ಮಹಡಿಗೆ ಅಡುಗೆಮನೆ ಮಾಡಿಕೊಳ್ಳುತ್ತಾರೆ. ಮುಂದೆ ಮೂರು ಕರೆಂಟ್ ಮೀಟರ್, ಮೂರು ಖಾತೆ, ಬ್ಯಾಂಕ್ ಸಾಲ ಅಂತ ಬಂದಾಗ ಮಂಜೂರಾದ ನಕ್ಷೆಗೂ ಕಟ್ಟಿದ ಮನೆಗೂ ತಾಳೆಯಾಗದೆ ಸಿಕ್ಕಿಬೀಳುತ್ತಾರೆ. ಪೇಟೆ ಬಿಡದೆ ಒಟ್ಟಿಗೆ ಇರಬೇಕೆಂದುಕೊಂಡ ಕುಟುಂಬವನ್ನು ನಿಯಮವೇ ಹೊರಗಿನ ಬಡಾವಣೆಗೆ ಕಳಿಸುತ್ತದೆ. ಅಲ್ಲಿಂದ ಅಂಗಡಿಗೆ ದಿನಾ ಬರಲು ಮೂರೂ ಮನೆಗೆ ಗಾಡಿ ಬೇಕು. ಆ ಗಾಡಿಗಳು ಬಂದು ನಿಲ್ಲುವುದು ಮತ್ತೆ ಪೇಟೆಯಲ್ಲೇ.

ನಕ್ಷೆಯಲ್ಲಿ ಪಾರ್ಕಿಂಗ್ ತೋರಿಸಿ, ಆಮೇಲೆ ಮಳಿಗೆ ಮಾಡಿದರೆ ಏನಾಗುತ್ತದೆ?

ಎಲ್ಲರೂ ಮಾಡುತ್ತಾರೆ ಎನ್ನುವುದು ನಿಜ. ಪಾರ್ಕಿಂಗ್ ಎಂದು ಬರೆದ ಜಾಗದಲ್ಲಿ ಜೀನ್ಸ್ ಹೊಲಿಗೆ ಮಷಿನ್ ಓಡುವುದು ಬಳ್ಳಾರಿಯಲ್ಲಿ ಯಾರಿಗೂ ಹೊಸದಲ್ಲ. ಆದರೆ ಈಗ ಕಾಲ ಬಿಗಿಯಾಗಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ಕೆಲಸ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡುವಂತಿಲ್ಲ. ನಕ್ಷೆ ಮೀರಿದ್ದರೆ ಆ ಪ್ರಮಾಣಪತ್ರ ಸಿಗುವುದಿಲ್ಲ, ಅದಿಲ್ಲದೆ ಜೆಸ್ಕಾಂ ಮೀಟರ್ ಕೊಡುವುದಿಲ್ಲ. ಸಣ್ಣ ನಿವೇಶನಗಳಿಗೆ ರಾಜ್ಯ ಸರ್ಕಾರ 2025ರಲ್ಲಿ ಕೆಲವು ವಿನಾಯಿತಿ ಕೊಟ್ಟಿದೆ. ನಿಮ್ಮ ಜಾಗಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಪಾಲಿಕೆಯ ನಗರ ಯೋಜನೆ ಶಾಖೆಯಲ್ಲಿ ಕೇಳಿ. ‘ಮುಂದೆ ಸಕ್ರಮ ಆಗುತ್ತೆ’ ಎಂಬ ಆಸೆಯ ಮೇಲೆ ಕಟ್ಟಬೇಡಿ. ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು.

ಕಡ್ಡಾಯ ಹೋದರೆ ಎಲ್ಲರ ಕಾರೂ ನಮ್ಮ ಮನೆ ಮುಂದೆ ಬಂದು ನಿಲ್ಲುತ್ತವೆ. ಅದಕ್ಕೇನು ಹೇಳ್ತೀರಿ?

ಈ ಭಯ ನ್ಯಾಯವಾದದ್ದೇ. ಬೀದಿಯನ್ನು ಹೇಳೋರು ಕೇಳೋರಿಲ್ಲದಂತೆ ಬಿಟ್ಟು ನಿಯಮ ಮಾತ್ರ ತೆಗೆದರೆ ಜಗಳ ಖಂಡಿತ. ಆದ್ದರಿಂದ ಕ್ರಮ ಮುಖ್ಯ: ಮೊದಲು ಬೀದಿಯ ಅಂಚು, ಆಮೇಲೆ ಕೋಷ್ಟಕ.

ಬೀದಿಯಲ್ಲಿ ಎಲ್ಲಿ ನಿಲ್ಲಿಸಬಹುದು ಎಂದು ಗುರುತಿಸಲು ಮೋಟಾರು ವಾಹನ ಕಾಯ್ದೆ 1988ರ 117ನೇ ಕಲಂ ಅವಕಾಶ ಕೊಡುತ್ತದೆ. 10 ಗಂಟೆಗೂ ಹೆಚ್ಚು ಬಿಟ್ಟುಹೋದ ಅಥವಾ ನಿಷೇಧವಿರುವಲ್ಲಿ ನಿಲ್ಲಿಸಿದ ಗಾಡಿಯನ್ನು ಎತ್ತಿಸಲು 127ನೇ ಕಲಮಿದೆ. ಕಾನೂನು ಇದೆ, ಬಣ್ಣ ಬಳಿದ ಗೆರೆ ಇಲ್ಲ. ಬೆಂಗಳೂರಿಗೆಂದು 2021ರಲ್ಲಿ ಒಪ್ಪಿಗೆಯಾದ ಪಾರ್ಕಿಂಗ್ ನೀತಿ 2.0, ಮನೆ ಮುಂದಿನ ರಸ್ತೆಯಲ್ಲಿ ಕಾರು ಇಡಲು ವರ್ಷಕ್ಕೆ ₹1,000ದಿಂದ ₹5,000ದವರೆಗೆ ಪರವಾನಗಿ ಶುಲ್ಕ ಸೂಚಿಸಿತ್ತು. ಜಪಾನಿನಲ್ಲಿ 1962ರ ಕಾನೂನಿನಿಂದ, ಕಾರು ನಿಲ್ಲಿಸಲು ಜಾಗ ಇದೆಯೆಂದು ಪೊಲೀಸರ ಪ್ರಮಾಣಪತ್ರ ತಂದವರಿಗೇ ನೋಂದಣಿ. ಆ ಜಾಗ ಮನೆಯಿಂದ 2 ಕಿಲೋಮೀಟರ್ ಒಳಗಿರಬೇಕು. ಜಾಗ ತೋರಿಸುವ ಹೊಣೆ ಅಲ್ಲಿ ಕಾರು ಕೊಳ್ಳುವವರದು. ನಮ್ಮಲ್ಲಿ ಮನೆ ಕಟ್ಟುವವರದು, ಅವರ ಬಳಿ ಕಾರು ಇರಲಿ ಬಿಡಲಿ.

ನಮ್ಮ ಬೀದಿಯ ಲೆಕ್ಕ ತೆಗೆಯುವುದು ಹೇಗೆ?

ಒಂದು ಟೇಪು, ಒಂದು ನೋಟ್‌ಬುಕ್ಕು, ಇಬ್ಬರು ಸಾಕು. ಮೊದಲು ಚರಂಡಿಯಿಂದ ಚರಂಡಿಗೆ ರಸ್ತೆಯ ಅಗಲ ಅಳೆಯಿರಿ. ನಿಂತ ಕಾರಿಗೆ 2.2 ಮೀಟರ್ ಬಿಟ್ಟು, ಅಗ್ನಿಶಾಮಕ ವಾಹನ ಹೋಗಲು ಕನಿಷ್ಠ 3.5 ಮೀಟರ್ ಉಳಿಯಬೇಕು. 20 ಅಡಿ ರಸ್ತೆಯಲ್ಲಿ 3.9 ಮೀಟರ್ ಉಳಿಯುತ್ತದೆ, ಅಲ್ಲಿ ಒಂದು ಬದಿ ನಿಲ್ಲಿಸಬಹುದು. 15 ಅಡಿ ಓಣಿಯಲ್ಲಿ 2.4 ಮೀಟರ್ ಮಾತ್ರ, ಅಲ್ಲಿ ಕಾರು ನಿಲ್ಲಿಸಲೇಬಾರದು, ಕಡ್ಡಾಯ ಇರಲಿ ಬಿಡಲಿ.

ಆಮೇಲೆ ಉದ್ದ. 100 ಮೀಟರ್ ಬೀದಿಯಲ್ಲಿ ಎರಡೂ ತಿರುವಿನಲ್ಲಿ 10 ಮೀಟರ್ ಬಿಟ್ಟರೆ 80 ಮೀಟರ್ ಉಳಿಯುತ್ತದೆ. ಗೇಟು, ಟ್ರಾನ್ಸ್‌ಫಾರ್ಮರ್, ಗುಡಿಯ ಬಾಗಿಲು ಇಲ್ಲದಿದ್ದರೆ 13 ಕಾರು. ಇವುಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಹಾಕಿ ಕಳೆಯಿರಿ. ಕೊನೆಗೆ ನಿಂತ ಗಾಡಿ ಎಣಿಸಿ: ಬೆಳಗಿನ ಜಾವ 5 ಗಂಟೆಗೆ ಸಿಗುವುದು ಅಲ್ಲೇ ವಾಸಿಸುವವರ ಗಾಡಿ, 11ಕ್ಕೆ ಮತ್ತು ಸಂಜೆ 7ಕ್ಕೆ ಸಿಗುವುದು ಬಹುಪಾಲು ಹೊರಗಿನವು. ಎರಡನ್ನೂ ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಸಂಜೆಯ ದಟ್ಟಣೆಗೆ ಮನೆ ಕಟ್ಟುವವರನ್ನು ದೂರುತ್ತಿದ್ದೇವೆಯೇ ಎನ್ನುವುದು ಆಗ ತಿಳಿಯುತ್ತದೆ. ಹಬ್ಬದ ದಿನ, ಮದುವೆ ಮುಹೂರ್ತದ ದಿನ ಎಣಿಸಬೇಡಿ.

ಪಾರ್ಕಿಂಗ್ ಅರ್ಥಶಾಸ್ತ್ರದ ಪ್ರೊಫೆಸರ್ ಡೊನಾಲ್ಡ್ ಶೂಪ್ ಹೇಳುತ್ತಿದ್ದ ಅಳತೆ ಇಲ್ಲಿ ಉಪಯುಕ್ತ: ಶೇ 85ರಷ್ಟು ತುಂಬಿದ್ದರೆ ಬೀದಿ ಸರಿಯಾಗಿದೆ, ಹುಡುಕಿದವರಿಗೆ ಒಂದೆರಡು ಜಾಗ ಸಿಗುತ್ತದೆ. ಅದಕ್ಕಿಂತ ಹೆಚ್ಚಾದರೆ ಶುಲ್ಕ ಏರಿಸಬೇಕು, ತೀರಾ ಕಡಿಮೆಯಾದರೆ ಇಳಿಸಬೇಕು.

ನಮ್ಮ ಹತ್ರ ಇರೋದು ಬರೀ ಸ್ಕೂಟಿ, ಬೈಕು. ಅವಕ್ಕೆ?

ಕಡ್ಡಾಯ ಉಳಿಯಬೇಕಾದರೆ ಇವಕ್ಕೆ ಉಳಿಯಲಿ. ಒಂದು ಬೈಕಿಗೆ 1×2 ಮೀಟರ್. ಒಂದು ಕಾರಿನ ಜಾಗದಲ್ಲಿ ಐದು ಬೈಕು ಹಿಡಿಯುತ್ತವೆ. ಮನೆಗೆ ಎರಡರಂತೆ ಬಿಡಿಸಿದರೆ 15 ಅಡಿ ಮುಂಭಾಗದಲ್ಲೂ ಮೆಟ್ಟಿಲ ಪಕ್ಕ ಕೂರುತ್ತವೆ, 4 ಅಡಿ ಬಾಗಿಲು ಸಾಕು, ಬೀದಿಯ ಅಂಚೂ ಕೆಡುವುದಿಲ್ಲ. ಬ್ಯಾಟರಿ ಸ್ಕೂಟರಿಗೆ ಅಲ್ಲೊಂದು 15 ಆಂಪ್ ಸಾಕೆಟ್, ಬೇರೆ ಎಂಸಿಬಿ ಕೊಡಿಸಿ. ಚಾರ್ಜಿಂಗ್ ಜಾಗ ಮೆಟ್ಟಿಲ ಕೆಳಗೆ ಮಾತ್ರ ಬೇಡ, ಬೆಂಕಿ ಹತ್ತಿದರೆ ಹೊರಬರುವ ದಾರಿ ಅದೊಂದೇ.

ಬೇರೆ ಕಡೆ ತೆಗೆದಿದ್ದಾರಾ? ಏನಾಯಿತು?

ಲಂಡನ್ 2004ರಲ್ಲಿ ಕನಿಷ್ಠ ಮಿತಿ ಬಿಟ್ಟು ಗರಿಷ್ಠ ಮಿತಿ ತಂದಿತು, ಮೆಕ್ಸಿಕೊ ಸಿಟಿ 2017ರಲ್ಲಿ ಅದೇ ದಾರಿ ಹಿಡಿಯಿತು. ಅಮೆರಿಕದ ಬಫಲೋ ನಗರ 2017ರಲ್ಲಿ ಊರಿಗೆಲ್ಲ ಕಡ್ಡಾಯ ತೆಗೆಯಿತು. ಅಲ್ಲಿ ನಂತರ ಬಂದ ದೊಡ್ಡ ಕಟ್ಟಡಗಳಲ್ಲಿ ಸುಮಾರು ಅರ್ಧದಷ್ಟು ಹಳೇ ನಿಯಮಕ್ಕಿಂತ ಕಡಿಮೆ ಪಾರ್ಕಿಂಗ್ ಇಟ್ಟವು, ಉಳಿದವು ಮೊದಲಿನಷ್ಟೇ ಅಥವಾ ಹೆಚ್ಚೇ ಇಟ್ಟವು. ಕಡ್ಡಾಯ ಇಲ್ಲದಿದ್ದರೆ ಯಾರೂ ಪಾರ್ಕಿಂಗ್ ಕಟ್ಟುವುದಿಲ್ಲ ಎಂಬ ಮಾತಿಗೆ ಇದು ಉತ್ತರ. ಆದರೆ ಲಂಡನ್ನಿನಲ್ಲಿ ಮೆಟ್ರೊ ಇದೆ, ನಮ್ಮಲ್ಲಿ ಇರುವುದು ಸಿಟಿ ಬಸ್ಸು ಮತ್ತು ಆಟೊ. ಅದಕ್ಕೇ ಇಡೀ ಬಳ್ಳಾರಿಗಲ್ಲ, ಮಾರುಕಟ್ಟೆ, ಬಸ್ ನಿಲ್ದಾಣ, ರೈಲು ನಿಲ್ದಾಣ ಎಲ್ಲವೂ ನಡೆದು ಹೋಗುವಷ್ಟು ಹತ್ತಿರವಿರುವ ಹಳೇ ಪೇಟೆಗೆ ಮಾತ್ರ ಈ ಸಲಹೆ.

ಬಾಡಿಗೆ ಇಳಿಯುತ್ತಾ?

ಇದ್ದ ಮನೆಯ ಬಾಡಿಗೆ ಇಳಿಯುವುದಿಲ್ಲ. ಹೊಸದಾಗಿ ನೆಲಮಹಡಿಯಲ್ಲಿ ಒಂದು ಮನೆ ಹೆಚ್ಚು ಕಟ್ಟಲು ಆಗುತ್ತದೆ, ಅಷ್ಟು ಮಟ್ಟಿಗೆ ಪೇಟೆಯಲ್ಲಿ ಮನೆ ಸಿಗುವುದು ಸಲೀಸಾಗುತ್ತದೆ. ಅದಕ್ಕಿಂತ ಹೆಚ್ಚಿನ ಭರವಸೆ ಕೊಡುವವರನ್ನು ನಂಬಬೇಡಿ.

ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್, ಲಾಡ್ಜ್‌ಗಳಿಗೂ ಬಿಟ್ಟುಬಿಡುತ್ತೀರಾ?

ಇಲ್ಲ. ಸಲಹೆ ವಾಸದ ಮನೆಗಳಿಗೆ ಮಾತ್ರ. ಕೆಳಗೆ ಮಳಿಗೆ, ಮೇಲೆ ಮನೆ ಇರುವ ಕಟ್ಟಡದಲ್ಲಿ ಮನೆಯ ಭಾಗಕ್ಕೆ ವಿನಾಯಿತಿ, ಮಳಿಗೆಗೆ ಮಳಿಗೆಯ ಲೆಕ್ಕ. ಬಟ್ಟೆ ಬೇಲ್ ಇಳಿಸುವ ಟಾಟಾ ಏಸ್‌ಗಳಿಗೆ ಬೆಳಿಗ್ಗೆ ಇಂತಿಷ್ಟು ಹೊತ್ತು ಎಂದು ಬೀದಿಯಲ್ಲೇ ಜಾಗ ಗುರುತಿಸಬೇಕು.

ಅಂಗವಿಕಲರಿಗೆ?

ಗಾಲಿಕುರ್ಚಿ ಇಳಿಸಲು 3.6 ಮೀಟರ್ ಅಗಲದ ಜಾಗ ಬೇಕು, ಅದು 15 ಅಡಿ ಮನೆಯೊಳಗೆ ಮೆಟ್ಟಿಲಿನ ಜೊತೆ ಹಿಡಿಯುವುದಿಲ್ಲ. ಬೀದಿಗೆ ಒಂದಾದರೂ ಇಂಥ ಜಾಗವನ್ನು ಪಾಲಿಕೆಯೇ ಗುರುತಿಸುವುದು ಸರಿ. ಪಾರ್ಕಿಂಗ್ ಹೋಗಿ ನೆಲಮಹಡಿಗೆ ಕೋಣೆ ಮರಳಿದರೆ ಮೆಟ್ಟಿಲು ಹತ್ತಲಾಗದವರಿಗೆ ಅದೇ ದೊಡ್ಡ ಅನುಕೂಲ.

ಕೋಟೆ ಹತ್ತಿರದ ಮನೆಗಳಿಗೆ ಬೇರೆ ನಿಯಮವೇ?

ಕೇಂದ್ರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಪಾರ್ಕಿಂಗ್ ನಿಯಮ ಬದಲಾದರೂ ಇದು ಬದಲಾಗದು.

ನಿಯಮ ಬದಲಿಸಲು ಯಾರಿಗೆ ಬರೆಯಬೇಕು?

ಬುಡಾ ಆಯುಕ್ತರಿಗೆ. ಅರ್ಜಿಯ ನಕಲು ಪಾಲಿಕೆ ಆಯುಕ್ತರಿಗೆ ಮತ್ತು ನಿಮ್ಮ ವಾರ್ಡಿನ ಸದಸ್ಯರಿಗೆ. ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು ಕಾಯ್ದೆ ಹೇಳುತ್ತದೆ. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ, ಸಲಹೆಗೆ 60 ದಿನ ಇರುತ್ತದೆ. ಅಂತಿಮ ಒಪ್ಪಿಗೆ ರಾಜ್ಯ ಸರ್ಕಾರದ್ದು. ಅರ್ಜಿಯಲ್ಲಿ ‘ಪಾರ್ಕಿಂಗ್ ತೆಗೆಯಿರಿ’ ಎಂದಷ್ಟೇ ಬರೆದರೆ ಕಡತ ಸೇರುತ್ತದೆ. ಯಾವ ಕೋಷ್ಟಕ, ಯಾವ ಸಾಲು, ಯಾವ ಬೀದಿಯಿಂದ ಯಾವ ಬೀದಿವರೆಗೆ, ಎಷ್ಟು ಚದರ ಮೀಟರ್ ಒಳಗಿನ ನಿವೇಶನಕ್ಕೆ, ಬದಲಿಗೆ ಏನು ಸೇರಿಸಬೇಕು, ಇಷ್ಟನ್ನೂ ಬರೆದು ಬೀದಿ ಎಣಿಕೆಯ ಹಾಳೆ ಲಗತ್ತಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಅದೆಲ್ಲ ಆಗೋದು ಯಾವಾಗ್ಲೋ. ನಾನು ಈ ಬೇಸಿಗೆಗೇ ಪಾಯ ತೆಗೀಬೇಕು.

ಹಾಗಿದ್ದರೆ ಈಗಿನ ಕೋಷ್ಟಕದಂತೆಯೇ ಪ್ಲಾನ್ ಮಾಡಿಸಿ, ಆದರೆ ಮುಂದೆ ಬದಲಿಸಲು ಬರುವಂತೆ. ಕಾರು ನಿಲ್ಲುವ ಜಾಗದ ನೆಲವನ್ನು ಇಳಿಜಾರು ಮಾಡದೆ ಸಮತಟ್ಟಾಗಿ, ಮನೆಯ ಉಳಿದ ನೆಲದ ಮಟ್ಟಕ್ಕೆ ಹತ್ತಿರವಾಗಿ ಇಡಿ. ಸ್ಲ್ಯಾಬಿನ ಎತ್ತರ ಕೋಣೆಗೆ ಸಾಲುವಷ್ಟು ಕೊಡಬಹುದೇ, ಕೊಟ್ಟರೆ ಎಫ್‌ಎಆರ್‌ಗೆ ಎಣಿಸುತ್ತಾರೆಯೇ ಎಂದು ಮೊದಲೇ ಕೇಳಿ. ಆ ಮೂಲೆಯಲ್ಲಿ ಒಂದು ನೀರಿನ ಪೈಪು, ಒಂದು ಡ್ರೈನ್ ಲೈನು ನೆಲದೊಳಗೇ ಮುಚ್ಚಳ ಹಾಕಿ ಬಿಡಿ, ಆಮೇಲೆ ಒಡೆಯುವ ಖರ್ಚು ಉಳಿಯುತ್ತದೆ. ಬೀದಿ ಕಡೆ ಗೋಡೆ ಬರುವಲ್ಲಿ ಪ್ಲಿಂತ್ ಬೀಮ್ (ಗೋಡೆ ಹೊರುವ ತಳದ ಕಾಂಕ್ರೀಟ್ ತೊಲೆ) ಈಗಲೇ ಹಾಕಿಸಿ. ನಿಯಮ ಬದಲಾದರೆ ತಿದ್ದುಪಡಿ ನಕ್ಷೆ ಕೊಟ್ಟು ಮಂಜೂರಾತಿ ಪಡೆದ ಮೇಲೆಯೇ ಗೋಡೆ ಏಳಲಿ, ಅಲ್ಲಿಯವರೆಗೆ ಅಲ್ಲಿ ಬೈಕು ನಿಲ್ಲಿಸಿ.